ಹನ್ನೊಂದನೆಯ ಸಹಿ

ಆ ಭಾನುವಾರ ಬೆಳಿಗ್ಗೆ ಬೀದಿ ಬಾವಿಯಿಂದ ಆರು ಕೊಡ ನೀರು ತಂದೆ, ನೆನೆಹಾಕಿದ್ದ ಅವರೆಕಾಳು ಬಸಿದೆ, ಜಗಲಿ ಗುಡಿಸಿ ಚಾಪೆ ಹಾಸಿದೆ. ಎಪ್ಪತ್ತರ ದಶಕದ ಕೊನೆ. ಯಲಹಂಕದ ನಮ್ಮ ಆ ಜಗಲಿಯ ಮೇಲೆಯೇ ಯಜಮಾನರು ಗೆಳೆಯರೊಡನೆ ಹೊಸ ಪಕ್ಷ ಕಟ್ಟಲು ಕೂತರು. ಸಮಿತಿಗೆ ಹನ್ನೊಂದು ಜನ ಇರಬೇಕೆಂದು ತಾವೇ ನಿಯಮ ಬರೆದಿದ್ದರು. ಅಬ್ಬಿಗೆರೆಯವರೊಬ್ಬರು ಬಾರದೆ ಲೆಕ್ಕ ಹತ್ತಕ್ಕೇ ನಿಂತಿತು. ನಾನು ಸರ್ಕಾರಿ ಶಾಲೆಯ ಟೀಚರು, ಸಹಿ ಹಾಕುವಂತಿರಲಿಲ್ಲ.

"ಇವತ್ತು ಆಗ್ಲಿಲ್ಲ ಅಂದ್ರೆ ಎಲ್ರೂ ಹಳೇ ಪಕ್ಷಕ್ಕೇ ವಾಪಸ್ ಹೋಗ್ತಾರೆ ಕಣೇ," ಎಂದು ಇವರು ಅಡುಗೆಮನೆಗೆ ಬಂದು ಮುಖ ಸಣ್ಣ ಮಾಡಿಕೊಂಡರು.

ಅವರೆಕಾಳು ಹಿತಕುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು: "ನಿಮ್ ಪಕ್ಷ ನಮ್ ಬೀದಿಗೆ ನಲ್ಲಿ ಹಾಕಿಸ್ತದೇನೋ?"

"ನಾವು ದೇಶದ ವಿಚಾರ ಬರ್ದಿದೀವಿ ಕಣಮ್ಮ."

"ದೇಶಕ್ಕೆ ಬಾಯಾರ್ಕೆ ಆಗಲ್ವಾ? ಮೊದ್ಲು ನಲ್ಲಿ ಬರ್ಕೋ. ಆಮೇಲೆ ನನ್ ಸಹಿ."

ಪಕ್ಷದ ಪ್ರಣಾಳಿಕೆಯಲ್ಲಿ ನಲ್ಲಿಯೇ ಮೊದಲ ಬೇಡಿಕೆಯಾಯಿತು, ಅತ್ತೆ ಉಪಾಧ್ಯಕ್ಷೆಯಾದರು. ಮುಂದೆ ಚಿಕ್ಕಜಾಲದವರೆಗೂ ಹೆಂಗಸರು ಪಕ್ಷ ಸೇರಿದ್ದು ಆ ಒಂದು ಸಾಲು ಕೇಳಿಯೇ. ಮಿಕ್ಕ ಪುಟಗಳನ್ನು ಓದಿದವರನ್ನು ನಾನು ಕಾಣೆ.

ಅಂದು ಮಧ್ಯಾಹ್ನ ಎಲ್ಲರಿಗೂ ಮುದ್ದೆ, ಹಿತಕಿದ ಬೇಳೆ ಸಾರು. ಉಂಡೆದ್ದು ಭಾಷಣ ಶುರುವಾಗುವ ಹೊತ್ತಿಗೆ ಉಪಾಧ್ಯಕ್ಷೆ ಚಾಪೆಯ ತುದಿಯಲ್ಲಿ ನಿದ್ದೆ ಹೋಗಿದ್ದರು.