ಚುಕ್ಕೆ ಬೀಳದ ಹಿತ್ತಾಳೆ ಬಳೆ

ಹಿತ್ತಾಳೆಗೆ ಒಂದು ವಾಸನೆ ಇದೆ. ದೇವರ ಸಾಮಾನು ತಿಕ್ಕಿದವರಿಗೆ ಅದು ಹುಣಸೆಹಣ್ಣಿನ ಜೊತೆಗೆ ನೆನಪಾಗುತ್ತದೆ, ನನಗೆ ಮಷೀನಿನ ಎಣ್ಣೆಯ ಜೊತೆಗೆ. ಇವತ್ತು ಬೆಳಿಗ್ಗೆ ನನ್ನ ಕ್ಯಾಮೆರಾದಿಂದ ಹಳೆಯ ಲೆನ್ಸನ್ನು ಬಿಚ್ಚಿ, ಅವೆರಡರ ನಡುವೆ ಕೂತಿದ್ದ ಹಿತ್ತಾಳೆ ಬಳೆಯನ್ನು ಕೈಗೆ ತೆಗೆದುಕೊಂಡೆ. ಆರು ವರ್ಷಗಳಲ್ಲಿ ಅದನ್ನು ಬಿಚ್ಚಿದ್ದು ಇದೇ ಮೊದಲು. ಬೆರಳಿಗೆ ವಾಸನೆ ಹತ್ತಿತು. ಆಮೇಲೆ ಕುಡಿದ ಚಹಾ ಕೂಡ ಸ್ವಲ್ಪ ಹಿತ್ತಾಳೆಯೇ ಆಗಿತ್ತು.

ಬಿಚ್ಚಲು ಕಾರಣ ನಿನ್ನೆ ಹುಮನಾಬಾದಿನಿಂದ ಬಂದ ಒಂದು ಫೋನು.

"ಮಾಸ್ತರ್, ಖಾದರ್ ಮಿಸ್ತ್ರಿ ಮಾತಾಡಾಕತ್ತೇನಿ. ನಿಮ್ಮದೊಂದು ಕೆಲಸ ನನ್ನ ಕಡಿ ಉಳದದ. ಕಾರ್ಖಾನಿ ಮುಚ್ಚಾಕತ್ತೇನಿ, ಮಾರಿದ ಮಷೀನ್ ಶುಕ್ರವಾರ ಉಮರ್ಗಾಕ್ಕ ಹೋಗ್ತದ. ಅದರೊಳಗ ಆ ರಿಂಗ್ ತಗೊಂಡು ಬಂದುಬಿಡ್ರಿ."

"ಆಯ್ತ್ರಿ ಚಾಚಾ" ಎಂದುಬಿಟ್ಟೆ. ನನ್ನ ಸ್ವಭಾವವೇ ಹಾಗೆ, ಮೊದಲು ಆಯ್ತು ಎನ್ನುತ್ತೇನೆ, ಆಮೇಲೆ ನಿದ್ದೆ ಕೆಡಿಸಿಕೊಳ್ಳುತ್ತೇನೆ. ಯಾಕೆಂದರೆ ಆ ಬಳೆಯನ್ನು ಯಾರಿಗೂ ಮುಟ್ಟಿಸುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ.

ನಿಮಗೆ ಮೊದಲಿನಿಂದಲೇ ಹೇಳಬೇಕು. ಬಸವಕಲ್ಯಾಣದಲ್ಲಿ ನನ್ನ ಭಾವನದೊಂದು ಫೋಟೊ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ದೊಡ್ಡದಾಗಿ ಏನೋ ಕಲ್ಪಿಸಿಕೊಳ್ಳಬೇಡಿ. ಎರಡು ಅಂಗಡಿಗಳ ನಡುವೆ ಓಣಿಗೆಂದು ಬಿಟ್ಟ ಜಾಗಕ್ಕೆ ಛಾವಣಿ ಹಾಕಿದಂಥ ಕೋಣೆ ಅದು. ಹಿಂದೆ ಸರಿದರೆ ಗೋಡೆ ಬೆನ್ನಿಗೆ ಬಡಿಯುತ್ತಿತ್ತು. ಹಾಗಾಗಿ ಭಾವ ಎಲ್ಲರನ್ನೂ ಎರಡು ತೋಳಿನ ಅಂತರದಲ್ಲಿ ಕೂರಿಸಿಯೇ ತೆಗೆಯುತ್ತಿದ್ದರು. ಬೇರೆ ಫೋಟೊದವರು "ಉಸಿರು ಹಿಡೀರಿ" ಎಂದರೆ ಇವರು "ಉಸಿರು ಬಿಡ್ರಿ" ಎನ್ನುತ್ತಿದ್ದರು. ಜನ ಉಸಿರು ಬಿಡುತ್ತಿದ್ದರು, ಭುಜ ಇಳಿಯುತ್ತಿತ್ತು, ಮುಖ ಅವರವರ ಮುಖವಾಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತುತ್ತಿದ್ದರು. ಕಲ್ಯಾಣದ ಎಷ್ಟೋ ಮನೆಗಳ ಗೋಡೆಯ ಮೇಲೆ ಇವತ್ತಿಗೂ ಜನ ಹಾಗೆ ಉಸಿರು ಬಿಟ್ಟುಕೊಂಡು ಕೂತಿದ್ದಾರೆ.

ಭಾವ ಹೋದ ಮೇಲೆ ಅಕ್ಕ ಸ್ಟುಡಿಯೋ ಖಾಲಿ ಮಾಡಿದಳು. ಕ್ಯಾಮೆರಾದ ಹೊಟ್ಟೆಯೊಳಗೆ ಬೂಸ್ಟು ಹತ್ತಿ ಅದು ಎಂದೋ ಕೆಟ್ಟಿತ್ತು. ಲೆನ್ಸು ಮಾತ್ರ ಆಗಷ್ಟೇ ತೊಳೆದ ಹಾಗೆ ಇತ್ತು. ಹಳೆಯ ರುಮಾಲಿನಲ್ಲಿ ಸುತ್ತಿ ನನ್ನ ಕೈಗಿಟ್ಟು, "ತಮ್ಮಾ, ಇದು ಅವರ ಕಣ್ಣು. ಸುಮ್ಮ ಇಡಬ್ಯಾಡ, ಇದರಿಂದ ಒಂದರ ಫೋಟೊ ತಗದು ತೋರಸು" ಎಂದಳು.

ನನ್ನದು ಬೇರೆ ಕಂಪನಿಯ ಹೊಸ ಕ್ಯಾಮೆರಾ. ಲೆನ್ಸಿನ ಬಾಯಿಗೂ ಕ್ಯಾಮೆರಾದ ಬಾಯಿಗೂ ಯಾವ ಸಂಬಂಧವೂ ಇಲ್ಲ. ಒಂದು ತಿರುಪಿನದು, ಇನ್ನೊಂದು ಸಿಕ್ಕಿಸುವಂಥದ್ದು. ಕುಲ ಮೀರಿ ಮದುವೆ ಮಾಡಿಸಿ ಊರಿಗೆ ಊರೇ ಅಲ್ಲೋಲಕಲ್ಲೋಲವಾದ ಕಥೆ ಕೇಳಿ ಬೆಳೆದವನು ನಾನು. ಇದೇನು ಮಹಾ ಎಂದು ಹೊರಟೆ. ಆನ್‌ಲೈನಿನಲ್ಲಿ ಎರಡನ್ನೂ ಜೋಡಿಸುವ ಒಂದು ಬಳೆ ತರಿಸಿದೆ. ಕ್ಯಾಮೆರಾದ ಕಡೆಗೆ ಚೆನ್ನಾಗಿ ಕೂತಿತು, ಲೆನ್ಸಿನ ಕಡೆಗೆ ತಿರುಪು ಹಿಡಿಯಲೇ ಇಲ್ಲ. ಮತ್ತೊಂದು ತರಿಸಿದೆ, ಅದೂ ಅಷ್ಟೇ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ತಿಂಗಳುಗಟ್ಟಲೆ ಸ್ಕೇಲು ಹಿಡಿದು ಕೂತೆ. ಕೊನೆಗೆ ಯಾರೋ ಹುಮನಾಬಾದಿನ ಖಾದರ್ ಮಿಸ್ತ್ರಿಯ ಹೆಸರು ಹೇಳಿದರು.

ಖಾದರ್ ಮಿಸ್ತ್ರಿಯದು ಒಂದೇ ಲೇಥ್ ಮಷೀನಿನ ಕಾರ್ಖಾನೆ. ಪಂಪಿನ ಶಾಫ್ಟು, ಕಬ್ಬಿನ ಗಾಣದ ರೋಲರು, ಟ್ರ್ಯಾಕ್ಟರಿನ ಬುಷ್ಷು ಬರುವ ಜಾಗಕ್ಕೆ ನಾನು ರುಮಾಲಿನಲ್ಲಿ ಗಾಜು ಸುತ್ತಿಕೊಂಡು ಹೋಗಿದ್ದೆ. ಅವರು ನಗಲಿಲ್ಲ. ಎಣ್ಣೆ ಕೈಯನ್ನು ಎರಡು ಸಲ ಒರೆಸಿಕೊಂಡು ಲೆನ್ಸನ್ನು ಬೆಳಕಿಗೆ ಹಿಡಿದರು.

"ಇದರ ಚೂಡಿ ಬ್ಯಾರೆನೇ ಅದ ಮಾಸ್ತರ್. ನಿಮ್ಮ ಬಜಾರದ ರಿಂಗ್ ಇದಕ್ಕ ಹ್ಯಾಂಗ ಹತ್ತಬೇಕು?" ಎಂದರು. ತಿರುಪಿನ ಗೆರೆಗಳಿಗೆ ಅವರು ಚೂಡಿ ಎನ್ನುತ್ತಿದ್ದರು.

ಬಜಾರದ ಬಳೆಯ ಹಿಂದಿನ ಅರ್ಧ ಉಳಿಸಿಕೊಂಡು ಮುಂದಿನ ಅರ್ಧವನ್ನು ಹಿತ್ತಾಳೆಯಲ್ಲಿ ಅವರೇ ಕಡೆದರು. ಮಷೀನು ತಿರುಗುವಾಗ ಹಿತ್ತಾಳೆ ಹೊಂಬಣ್ಣದ ಗುಂಗುರು ಗುಂಗುರಾಗಿ ಇಳಿಯುತ್ತಿತ್ತು. ಹೊರಗೆ ಹೆದ್ದಾರಿಯ ಲಾರಿಗಳ ಸದ್ದು ಎಲ್ಲೋ ದೂರಕ್ಕೆ ಹೋದಂತಾಗಿ, ನನಗೆ ಕೂತಲ್ಲೇ ಜೊಂಪು ಹತ್ತಿತು. ಎಚ್ಚರವಾದಾಗ ಲೆನ್ಸು ಕ್ಯಾಮೆರಾದ ಮೇಲೆ ಕೂತಿತ್ತು.

ಅವರದೊಂದು ರೀತಿ ಇತ್ತು. ಯಾವ ಕೆಲಸವನ್ನೂ ಒಂದೇ ಸಲಕ್ಕೆ ಮುಗಿಸುತ್ತಿರಲಿಲ್ಲ. ಉಗುರಿನ ದಪ್ಪದಷ್ಟು ಹೆಚ್ಚಿಗೆ ಬಿಟ್ಟೇ ಕೊಡುತ್ತಿದ್ದರು. "ಹಚ್ಚಿ ನೋಡ್ರಿ, ಒಂದು ವಾರ ಬಿಟ್ಟು ತರ್ರಿ. ಜಾಸ್ತಿ ಇದ್ರ ತಗೀಬಹುದು. ಕಮ್ಮಿ ಆದ್ರ ಎಲ್ಲಿಂದ ತರೋಣು?" ವಾರದ ಮೇಲೆ ತಂದರೆ ಬೇಕಾದಷ್ಟು ಹೆರೆದು, ಒಂದು ಚೂಪು ಉಕ್ಕಿನ ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು. ಒಳಮೈಗೆ ಒಂದು ಚುಕ್ಕೆ ಬೀಳುತ್ತಿತ್ತು. ಚುಕ್ಕೆ ಬಿದ್ದರೆ ಕೆಲಸ ಮುಗಿದಂತೆ. ನನ್ನ ಬಳೆಗೆ ಆ ಚುಕ್ಕೆ ಇರಲಿಲ್ಲ.

ಮುಂದಿನ ಭಾನುವಾರ ಅಕ್ಕನನ್ನು ನಾರಾಯಣಪುರಕ್ಕೆ ಕರೆದುಕೊಂಡು ಹೋದೆ. ಮದುವೆಯಾದ ಹೊಸತರಲ್ಲಿ ಭಾವ ಅವಳ ಮೊದಲ ಫೋಟೊ ತೆಗೆದದ್ದು ಅಲ್ಲಿನ ಹಳೆಯ ಶಿವನ ಗುಡಿಯ ಮುಂದೆ. ಆ ಫೋಟೊ ಯಾವಾಗಲೋ ಕಳೆದುಹೋಗಿತ್ತು. ಅಕ್ಕ ಫೋಟೊಕ್ಕೆ ನಿಲ್ಲಲು ಒಪ್ಪಲಿಲ್ಲ. "ನಂದ್ಯಾಕ? ಗುಡೀದು ತಗಿ" ಎಂದು ದೂರ ಸರಿದಳು. ನನಗೂ ಅದೇ ಬೇಕಾಗಿತ್ತು. ಒಂದು ಮಾತು ಒಪ್ಪಿಕೊಳ್ಳಬೇಕು, ಕೋಟೆ, ಗುಮ್ಮಟ, ಗುಡ್ಡ ಇವೇ ನನ್ನ ಫೋಟೊಗಳು. ಮನುಷ್ಯರ ಹತ್ತಿರ ಹೋಗಿ ಕ್ಯಾಮೆರಾ ಎತ್ತಲು ನನಗೆ ಮೊದಲಿನಿಂದ ಸಂಕೋಚ.

ಆದರೆ ಗುಡಿ ಸ್ಪಷ್ಟವಾಗಲೇ ಇಲ್ಲ. ಲೆನ್ಸನ್ನು ಕೊನೆಯತನಕ ತಿರುಗಿಸಿದರೂ ಕಂಬಗಳು ನೀರಿನೊಳಗೆ ಅಲುಗಾಡುತ್ತಿದ್ದವು. ಬಳೆ ಉಗುರಿನಷ್ಟು ದಪ್ಪವಾದರೆ ಲೆನ್ಸಿಗೆ ದೂರದ್ದು ಸಿಗುವುದಿಲ್ಲ, ಐದಾರು ಅಡಿಗೇ ಅದರ ಲೋಕ ಮುಗಿಯುತ್ತದೆ ಎಂದು ಗಣಿತದ ಮಾಸ್ತರನಿಗೆ ಆಗ ಹೊಳೆಯಿತು. "ಏನಾತೋ ತಮ್ಮಾ?" ಎನ್ನುತ್ತ ಅಕ್ಕ ಹತ್ತಿರ ಬಂದಳು. ಎರಡು ತೋಳಿನ ಅಂತರಕ್ಕೆ ಬಂದಾಗ ಆ ಮಂಜಿನೊಳಗಿಂದ ಅವಳ ಮುಖ ಮೂಡಿತು. ಹಣೆಯ ಹಚ್ಚೆ, ಕಣ್ಣಿನ ಪಕ್ಕದ ಗೆರೆ, ಗಾಳಿಗೆ ಎದ್ದ ಒಂದು ಬಿಳಿ ಕೂದಲು. ನಾನು ಗುಂಡಿ ಒತ್ತಿಬಿಟ್ಟೆ.

ಪ್ರಿಂಟು ಹಾಕಿಸಿ ಕೊಟ್ಟ ದಿನ ಅಕ್ಕ ಅದನ್ನು ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ, "ಅವರು ಹಿಂಗೇ ನೋಡ್ತಿದ್ರು" ಎಂದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಈ ಬಳಿ ಹಿಂಗೇ ಇರ್ಲಿ. ಯಾರ ಕೈಗೂ ಕೊಡಬ್ಯಾಡ."

ಅದಾದ ಮೇಲೆ ಹುಮನಾಬಾದಿನಲ್ಲಿ ಬಸ್ಸು ನಿಂತಾಗಲೆಲ್ಲ, ಮಿಸ್ತ್ರಿ ಕಂಡು ಬಳೆ ಕೇಳಿಬಿಟ್ಟಾರೆಂದು, ನಾನು ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ. ಒಮ್ಮೆ ಪೇಪರು ತಲೆಕೆಳಗಾಗಿ ಹಿಡಿದಿದ್ದೆ ಎಂದು ಪಕ್ಕದವರು ಹೇಳಿದರು. ಆರು ವರ್ಷ ಹೀಗೆ ತಪ್ಪಿಸಿಕೊಂಡೆ.

ಇವತ್ತು ತಪ್ಪಿಸಿಕೊಳ್ಳಲು ಆಗಲಿಲ್ಲ. ಕಾರ್ಖಾನೆ ಅರ್ಧ ಖಾಲಿಯಾಗಿತ್ತು. ಮಿಸ್ತ್ರಿಯ ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನ ಕೈಯಿಂದ ಬಳೆ ತೆಗೆದುಕೊಂಡು ವರ್ನಿಯರ್ ಹಿಡಿದು ಅಳೆದರು. "ನೋಡ್ರಿ, ಉಗುರಿನಷ್ಟು ಜಾಸ್ತಿ. ನನಗ ನೆನಪದ. ಎಲ್ಲಾರ ಕೆಲಸ ಮುಗದಾವ. ನಿಮ್ಮದೊಂದೇ." ಬಳೆಯನ್ನು ಮಷೀನಿಗೆ ಕಚ್ಚಿಸಿದರು. ಸ್ವಿಚ್ಚು ಹಾಕಿದರು. ಹಿತ್ತಾಳೆ ತಿರುಗತೊಡಗಿತು. ಅವರು ಉಳಿಯನ್ನು ಮೆಲ್ಲಗೆ ಮುಂದೆ ತರುತ್ತಿದ್ದರು.

"ಬ್ಯಾಡ್ರಿ ಚಾಚಾ!"

ಮಷೀನು ನಿಂತಿತು. "ಯಾಕ್ರಿ? ಅರ್ಧಾ ಕೆಲಸ ಹಿಂದ ಬಿಟ್ಟು ಮನ್ಯಾಗ ಹೋಗಿ ಕೂಡ್ಲೇನು ನಾನು?" ಅವರಿಗೆ ನಿಜಕ್ಕೂ ನೋವಾಗಿತ್ತು.

ಚೀಲದಿಂದ ಅಕ್ಕನ ಫೋಟೊ ತೆಗೆದು ಕೊಟ್ಟೆ. ಅವರು ಕಣ್ಣಿಗೆ ಚಾಳೀಸು ಏರಿಸಿಕೊಂಡರು.

"ಹಿಂದ ಇದು ಏನದ?"

"ನಾರಾಯಣಪುರದ ಗುಡಿರಿ."

"ಗುಡಿ ಕಾಣವಲ್ದಲ್ರಿ."

"ನಮ್ಮ ಅಕ್ಕ ಕಾಣ್ತಾಳಲ್ರಿ ಚಾಚಾ. ಈ ಬಳಿ ಹೆರದ್ರ ಗುಡಿ ಬರ್ತದ. ಅಕ್ಕಗ ಇದು ಹಿಂಗೇ ಬೇಕಂತ."

ಅವರು ಬಳೆಯನ್ನು ಬಿಡಿಸಿ, ನನ್ನ ಚೀಲದಲ್ಲಿದ್ದ ಲೆನ್ಸು, ಕ್ಯಾಮೆರಾ ಎಲ್ಲ ಜೋಡಿಸಿಕೊಡಲು ಹೇಳಿ, ಕ್ಯಾಮೆರಾವನ್ನು ತಮ್ಮ ಕಣ್ಣಿಗೆ ಹಿಡಿದರು. ಬಾಗಿಲಲ್ಲಿ ನಿಂತು ಮಷೀನನ್ನು ನೋಡಿದರು. ಮಂಜು ಕಂಡಿರಬೇಕು, ತಲೆ ಅಲ್ಲಾಡಿಸಿದರು. ಒಂದು ಹೆಜ್ಜೆ ಮುಂದೆ ಬಂದರು. ಇನ್ನೊಂದು. ಮಷೀನಿಗೆ ಎರಡು ತೋಳಿನ ಅಂತರ ಉಳಿದಾಗ ಅವರ ಕಾಲು ನಿಂತಿತು. ನಲವತ್ತು ವರ್ಷ ಮುಟ್ಟಿದ ಕಬ್ಬಿಣವನ್ನು ಹಾಗೆಯೇ ನೋಡುತ್ತ ನಿಂತರು. ಕ್ಯಾಮೆರಾ ಇಳಿಸಿದಾಗ ಕಣ್ಣು ಒದ್ದೆಯಾಗಿತ್ತು.

"ಹತ್ತರ ಬಂದ್ರ ಎಲ್ಲಾ ಬರೋಬ್ಬರಿ ಕಾಣ್ತದ" ಎಂದರು. "ಅಳತಿ ಸರಿ ಅದ ಬಿಡ್ರಿ."

ಮತ್ತೆ ಬಳೆ ಬಿಚ್ಚಿಸಿಕೊಂಡರು. ಒಳಮೈಗೆ ಮೊಳೆಯಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕಿದರು.

ಸಂಜೆ ಕಲ್ಯಾಣಕ್ಕೆ ಬಂದವನೇ ನೇರವಾಗಿ ಅಕ್ಕನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ, ಪೇಪರಿನ ಹಿಂದೆ ಅಡಗಿದ್ದನ್ನೂ. ಅಕ್ಕ ಬಳೆಯನ್ನು ಕೈಯಲ್ಲಿ ತಿರುವಿ ಚುಕ್ಕೆಯ ಮೇಲೆ ಬೆರಳಾಡಿಸಿದಳು, ಮೂಸಿ ನೋಡಿದಳು. "ಹುಣಸಿಹಣ್ಣ ಹಚ್ಚಿ ತಿಕ್ಕಿ ಕೊಡ್ಲೇನು?" ಎಂದಳು.

"ಬ್ಯಾಡಕ್ಕಾ, ಎಣ್ಣಿ ವಾಸನಿ ಇರ್ಲಿ."

ಅವಳು ಬಳೆ ನನ್ನ ಕೈಗಿಟ್ಟು, ಬಾಗಿಲ ಬೆಳಕಿಗೆ ಮಣೆ ಎಳೆದುಕೊಂಡು ಕೂತಳು. ಸೆರಗು ಸರಿಮಾಡಿಕೊಂಡಳು. ಆರು ವರ್ಷದಲ್ಲಿ ಒಮ್ಮೆಯೂ ಕ್ಯಾಮೆರಾದ ಮುಂದೆ ಬಾರದ ನನ್ನ ಅಕ್ಕ, "ನಂದು ನೀ ತಗದದ್ದು ಅದೊಂದೇ ಅದಲ್ಲೋ ತಮ್ಮಾ. ಇನ್ನೊಂದು ತಗಿ" ಎಂದಳು.

ನಾನು ಹಿಂದೆ ಸರಿಯಲಿಲ್ಲ. ಬಳೆ, ಲೆನ್ಸು ಜೋಡಿಸಿಕೊಂಡು, ಎರಡು ತೋಳಿನ ಅಂತರಕ್ಕೆ ಹೋಗಿ ಕೂತು ಕ್ಯಾಮೆರಾ ಎತ್ತಿದೆ. ಅಕ್ಕ ಬೆನ್ನು ನೆಟ್ಟಗೆ ಮಾಡಿ, ಬಿಗಿಯಾಗಿ ಕಾಯುತ್ತಿದ್ದಳು.

"ಉಸಿರು ಬಿಡಕ್ಕಾ" ಎಂದೆ.