ಪಕ್ಕದ ಮನೆಯವಳ ಎಲ್ಮ್ ಮರ

ನನ್ನ ಮೊಮ್ಮಗಳನ್ನು ಪಕ್ಕದ ಮನೆಯವಳು ಕಿತ್ತುಕೊಂಡಳು. ಸೊಸೆ ಅದನ್ನು ಸ್ನೇಹ ಎನ್ನುತ್ತಾಳೆ, ನಡೆದದ್ದು ಇಷ್ಟೇ.

ಅವಳೂ ಉಡುಪಿ ಕಡೆಯವಳು. ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ನಮ್ಮ ಪಕ್ಕದ ಮನೆ ಕೊಂಡಾಗ ಅಂಗಳದ ಎಲ್ಮ್ ಮರವೂ ಅವಳದಾಯಿತು. ಈ ದೇಶದ ಎಲ್ಮ್‌ಗಳು ಹೆಚ್ಚಿನವು ರೋಗ ಬಂದು ಸತ್ತವಂತೆ, ಇದು ಉಳಿದಿತ್ತು. ಕೊಂಬೆಗಳು ಮೇಲೆ ಹೋಗದೆ ಕೊಡೆಯ ಹಾಗೆ ನೆಲದವರೆಗೆ ಇಳಿದಿದ್ದವು. ಬೀಜ ಹಾಕಿದರೆ ಹೀಗೆ ಬರುವುದಿಲ್ಲ. ಹಿಂದೆ ಯಾವುದೋ ತೋಟದಲ್ಲಿ ಸೊಟ್ಟಗೆ ಹುಟ್ಟಿದ ಒಂದೇ ಗಿಡದ ಕಡ್ಡಿಯನ್ನು ಬೇರೆ ಎಲ್ಮಿಗೆ ಕಸಿ ಕಟ್ಟಿ ಉಳಿಸಿಕೊಂಡು ಬಂದ ಜಾತಿ ಅದು. ಬಂದವರಿಗೆಲ್ಲ ಅವಳು ಸೀರೆಯ ಸೆರಗು ತೋರಿಸುವ ಹಾಗೆ ಕೊಂಬೆ ಎತ್ತಿ, "ಇಂಥದ್ದು ಇಲ್ಲಿ ಮತ್ತೊಂದಿಲ್ಲ ಮಾರಾಯ್ರೆ" ಅನ್ನುತ್ತಿದ್ದಳು.

ಶಾಲೆ ಬಿಟ್ಟ ಮೊಮ್ಮಗಳು ಅದರೊಳಗೆ ಹೊಕ್ಕರೆ ತಿಂಡಿಗೂ ಬರುತ್ತಿರಲಿಲ್ಲ. ಬೇಲಿಯ ಮೇಲಿಂದ ಕರೆದರೆ, "ಅಜ್ಜಿ, ಇಲ್ಲಿ ಟೆಂಟ್ ತರ ಇದೆ. ನಮ್ಮನೇಲಿ ಏನಿದೆ?"

ಒಂದು ಸಂಜೆ ನೋಡಿದರೆ ಪಕ್ಕದ ಮನೆಯವಳು ಕೊಂಬೆಗೆ ನಿಂಬೆಹಣ್ಣು, ಒಣಮೆಣಸು ಕಟ್ಟಿದ್ದಳು.

"ಇದು ಯಾರ ದೃಷ್ಟಿಗೆ?" ಎಂದೆ.

"ಬೇಲಿ ಮೇಲಿಂದ ದಿನಾ ನೋಡ್ತಾರಲ್ಲ, ಅವರದ್ದು. ನಿಮ್ಮದಲ್ಲ ಅಕ್ಕ!"

ಆ ಬೇಲಿಯ ಈಚೆ ಇರುವುದು ನಾನೊಬ್ಬಳೇ. ಮೊಮ್ಮಗಳೂ ಅವಳ ಜೊತೆ ಸೇರಿ ನಕ್ಕಳು. ಅದು ಮಾತ್ರ ನನಗೆ ತಡೆಯಲಾಗಲಿಲ್ಲ.

ಮರುದಿನ ಶನಿವಾರ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮಡಚುವ ಕುರ್ಚಿ ಹೊತ್ತುಕೊಂಡು ಹೋಗಿ, ಆ ಮರದೊಳಗೆ ಹಾಕಿ ಕೂತೆ. ಅವಳು ಬಾಗಿಲು ತೆರೆದು ಬೆಪ್ಪಾಗಿ ನಿಂತಳು.

"ಕಾಫಿ ತಕ್ಕೊಂಡು ಬಾ," ಎಂದೆ. "ಮಗು ಬರುವವರೆಗೆ ನಾನು ಏಳುವುದಿಲ್ಲ."