ಹತ್ತಿಮತ್ತೂರಿನಲ್ಲಿ ಸುಶೀಲಾಳಿಗೆ ಬಣ್ಣ ಹಚ್ಚಿದ್ದು

ಬೆಳಿಗ್ಗೆ ಎಂಟಕ್ಕೆ ಹಿರೇಕೆರೂರಿನಿಂದ ಹೊರಟೆ. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ನನ್ನಂಥ ನಿವೃತ್ತ ಶಿಕ್ಷಕಿಗೆ ಅಷ್ಟು ಸಾಕು, ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಆದರೆ ಈ ಸಲ ಸುಮ್ಮನೆ ಹೊರಟವಳಲ್ಲ. ಹತ್ತಿಮತ್ತೂರಿನ ಶಾಲೆಯಲ್ಲಿ ಸುಶೀಲಾಳ ನಾಟಕವಿತ್ತು.

ಸುಶೀಲಾ ಮುಂಡಗೋಡದ ಕಡೆಯ ಸಿದ್ದಿ ಹುಡುಗಿ. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದು ನಮ್ಮವರೇ ಆದವರ ಪೈಕಿ. ನಮ್ಮೂರ ಹಾಸ್ಟೆಲಿನಲ್ಲಿದ್ದು ನನ್ನ ಕೈಯಲ್ಲಿ ಕಲಿತಳು, ಈಗ ತನ್ನದೇ ನಾಟಕದ ತಂಡ ಕಟ್ಟಿದ್ದಾಳೆ. ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕದಲ್ಲಿ ಅವಳಿಗೆ ರಾಕ್ಷಸಿ ಪಾತ್ರ ಕೊಟ್ಟು, "ನಿನಗ ಬಣ್ಣದ ಖರ್ಚಿಲ್ಲ ಬಿಡು" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕ್ಷಮೆ ಕೇಳಿಯೇ ಬರಬೇಕೆಂದು ಹೊರಟಿದ್ದೆ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆ. ಶಿಗ್ಗಾಂವದಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಗಿರಮಿಟ್ಟು ತಿಂದು ಚಹಾ ಕುಡಿದೆ. ಸವಣೂರಿನಲ್ಲಿ ನಾಟಕದವರಿಗೆಂದು ತಿನ್ನಲು ಅರ್ಧ ಕಿಲೋ ಖಾರಾ ಕಟ್ಟಿಸಿಕೊಂಡು ಟಂಟಂ ಆಟೋ ಹತ್ತಿದೆ. ಮೂವತ್ತು ರೂಪಾಯಿ. ಅಲ್ಲಿ ಆಧಾರ್ ನಡೆಯುವುದಿಲ್ಲ.

ನಾಟಕದ ಕಥೆಯನ್ನು ಸುಶೀಲಾ ಫೋನಿನಲ್ಲೇ ಹೇಳಿದ್ದಳು. ನೂರು ವರ್ಷದ ಮುಂದಿನ ಊರು, ಸಿದ್ದಿ ಹೆಂಗಸು ಅದರ ಅಧ್ಯಕ್ಷೆ, ಆ ಪಾತ್ರ ಸುಶೀಲಾಳದೇ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಮುಖ ಬೆಳ್ಳಗಾಗುವ ಕ್ರೀಮಿನ ಟ್ಯೂಬೊಂದಿದೆ. ಅದು ಯಾತಕ್ಕೆಂದು ಒಬ್ಬರಿಗೂ ತಿಳಿಯದು.

ಸಂಜೆ ಶಾಲೆಯ ಕೋಣೆಯೊಂದರಲ್ಲಿ ಪಾತ್ರಧಾರಿಗಳಿಗೆ ಬಣ್ಣ ನಡೆದಿತ್ತು. ಹಚ್ಚುತ್ತಿದ್ದವರು ಹುಸೇನಸಾಬರು, ಕಂಪನಿ ನಾಟಕಗಳಲ್ಲಿ ಕೈ ಪಳಗಿದವರು. ನಾನು ಒಳಗೆ ಕಾಲಿಟ್ಟಾಗ ಕಣ್ಣು ಮುಚ್ಚಿ ಕೂತ ಸುಶೀಲಾಳ ಅರ್ಧ ಮುಖ ಸಫೇತಾದ ಬಿಳಿ ಬಣ್ಣ ಬಳಿದು ಬೆಳ್ಳಗಾಗಿಹೋಗಿತ್ತು!

"ಸಾಬರ, ಏನ್ ಮಾಡಾಕತ್ತೀರಿ?" ಎಂದು ಕೂಗಿದೆ.

"ಅಧ್ಯಕ್ಷರಲ್ರೀ ಇವರು? ರಾಜಾ ಇರ್ಲಿ, ರಾಣಿ ಇರ್ಲಿ, ಮೊದಲ ಸಫೇತಾನ ಹಚ್ಚೂದ್ರಿ," ಎಂದರು ಸಾಬರು. ಪಾಪ, ಅವರ ಕೈಗೆ ಗೊತ್ತಿದ್ದ ಮರ್ಯಾದೆ ಅದು.

ಸುಶೀಲಾ ಕಣ್ಣು ತೆರೆದು, ಕನ್ನಡಿ ನೋಡಿಕೊಂಡು ಸಾಬರ ಕೈ ಸರಿಸಿದಳು. ಹೊರಗೆ ಜನ ಸೇರುತ್ತಿದ್ದರು. ನಾನು ಗಡಿಬಿಡಿಯಲ್ಲಿ, "ತೊಳದು ಹಂಗ ಕಳಸ್ರಿ. ಆಕೀಗಿ ಬಣ್ಣ ಬ್ಯಾಡ," ಎಂದುಬಿಟ್ಟೆ.

"ಅವತ್ತೂ ಹಂಗ ಅಂದ್ರಿ, ಅಕ್ಕೋರ," ಎಂದಳು ಸುಶೀಲಾ. "ಬಣ್ಣದ ಪಾಳೇದಾಗ ನಾನೂ ನಿಂತಿದ್ದೆ. ಎಲ್ಲಾರದೂ ಆತು. ನನ್ನ ಪಾಳಿ ಬರಲೇ ಇಲ್ಲ."

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. "ತಪ್ಪಾತವ್ವ," ಎಂದಷ್ಟೇ ಅಂದೆ.

ಅವಳು ಸಾಬರ ಕಡೆ ತಿರುಗಿ, "ನನ್ನ ಬಣ್ಣಾನ ನನಗ ಹಚ್ರಿ," ಎಂದಳು.

ಸಾಬರು ಕೊಬ್ಬರಿ ಎಣ್ಣೆಯಿಂದ ಸಫೇತಾ ಒರೆಸಿದರು. ಕೆಂಪು, ಕಪ್ಪು, ಚೂರು ಹಳದಿ ಕಲಸಿ ಅವಳ ಮುಂಗೈಗೆ ಹಿಡಿದು ನೋಡಿದರು. ಮೂರನೆಯ ಸಲಕ್ಕೆ ಹೊಂದಿತು. "ಇಷ್ಟ ವರ್ಷಾತು, ಈ ಬಣ್ಣ ಕಲಸಿದ್ದಿಲ್ರಿ," ಎಂದರು. ನಾನು ಕನ್ನಡಿ ಹಿಡಿದು ನಿಂತಿದ್ದೆ.

ನಾಟಕ ಅರ್ಧ ತಾಸು ತಡವಾಯಿತು. ದೀಪದಡಿಯಲ್ಲಿ ಸುಶೀಲಾ ಬಂದಳು, ಮುಖ ಮಿರಿಮಿರಿ ಮಿಂಚುತ್ತಿತ್ತು. ಟ್ಯೂಬು ಯಾತಕ್ಕೆಂದು ಊರವರೆಲ್ಲ ಜಗಳಾಡಿ ದಣಿದಾಗ ಅಧ್ಯಕ್ಷೆ ಅದನ್ನು ಮೂಸಿ, "ಬಾಗಲಾ ಕಿರ್ ಅನ್ನಾಕತ್ತೈತಿ, ಅದಕ್ಕ ಹಚ್ಚಿ ನೋಡ್ರಿ," ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗುತ್ತಲೇ ಅತ್ತೆ.

ಮರುದಿನ ಟಂಟಂ ತನಕ ಕಳಿಸಲು ಬಂದ ಸುಶೀಲಾ ನನ್ನ ಕೈಯಲ್ಲೊಂದು ಸಣ್ಣ ಡಬ್ಬಿ ಇಟ್ಟಳು. ಸಾಬರು ಕಲಸಿದ್ದರಲ್ಲಿ ಉಳಿದ ಬಣ್ಣ.

"ಸಾಲಿ ಗ್ಯಾದರಿಂಗಿಗೆ ನಿಮ್ಮನ್ನ ಇನ್ನೂ ಕರೀತಾರಲ್ರಿ? ಹಾಸ್ಟೆಲಿನ್ಯಾಗ ನಮ್ಮ ಹುಡಿಗ್ಯಾರು ಅದಾರ. ಪಾಳೇದಾಗ ನಿಂತಿರ್ತಾರ."

ಹಿರೇಕೆರೂರು ಬರುವ ತನಕ ಆ ಡಬ್ಬಿಯನ್ನು ಕೈಯಿಂದ ಬಿಡಲಿಲ್ಲ.